ಜಾವಾ ಭಾಷೆಯಲ್ಲಿ ಸಂಗ್ರಹ ಮತ್ತು ಸರಣಿ: ಒಂದು ವಿವೇಚನೆ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆದುಕೊಡಲು ಮನುಷ್ಯನು ನಿರ್ಮಿಸಿಕೊಂಡ ಕೃತಕ ಭಾಷೆಗಳಲ್ಲಿ ಜಾವಾ ಒಂದು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರ ಪರಿಶ್ರಮದಿಂದ ರೂಪುಗೊಂಡು, 1995ರಲ್ಲಿ ಲೋಕದ ಮುಂದೆ ಬಂದ ಈ ಭಾಷೆಯ ಪಾಲನೆ 2010ರಿಂದ ಒರೇಕಲ್ ಸಂಸ್ಥೆಯ ಹೊಣೆಯಾಗಿದೆ. ಬ್ಯಾಂಕಿನ ಲೆಕ್ಕಪತ್ರದಿಂದ ಕೈಯೊಳಗಿನ ದೂರವಾಣಿಯವರೆಗೆ ಅದರ ವ್ಯಾಪ್ತಿ ಹಬ್ಬಿದೆ. ನಮ್ಮ ನಾಡಿನ ಅಸಂಖ್ಯ ತರುಣ ತರುಣಿಯರಿಗೆ ಅದು ಅನ್ನದ ದಾರಿಯೂ ಆಗಿರುವುದರಿಂದ, ಅದನ್ನು ಕಲಿಸುವವರು ಹೇಳುವ ಒಂದೊಂದು ಸೂತ್ರಕ್ಕೂ ಬೆಲೆಯುಂಟು. ಆ ಪಾಠಗಳ ನಡುವೆ ಅರ್ಧ ಗಂಟೆಯಲ್ಲಿ ಮುಗಿದುಹೋಗುವ ಪುಟ್ಟ ಪ್ರಕರಣವೊಂದಿದೆ: ಸಂಗ್ರಹದಲ್ಲಿರುವುದನ್ನು ಸರಣಿಗೆ ತರುವುದು ಹೇಗೆ ಎಂಬುದು. ಮೇಲ್ನೋಟಕ್ಕೆ ಇದು ಒಂದು ಡಬ್ಬಿಯ ಕಾಳನ್ನು ಇನ್ನೊಂದಕ್ಕೆ ಸುರಿದಷ್ಟೇ ಸುಲಭ. ಆದರೆ ಇದೇ ಪ್ರಕರಣದಲ್ಲಿ, ಬಹುಕಾಲ ಪಾಠ ಹೇಳುತ್ತ ಬಂದ ಸೂತ್ರವೊಂದು ಈಗ ತಲೆಕೆಳಗಾಗಿದೆ. ಅದನ್ನು ತಿಳಿಯದೆ ಹಳೆಯದನ್ನೇ ಒಪ್ಪಿಸುತ್ತಿರುವವರು ಇಂದಿಗೂ ಇದ್ದಾರೆ. ಆದಕಾರಣ ಇದರ ಮರ್ಮವನ್ನು ಸ್ವಲ್ಪ ವಿಸ್ತಾರವಾಗಿ ವಿವೇಚಿಸುವುದು ಯುಕ್ತವಾಗಿದೆ.

ಮೊದಲು ಪರಿಭಾಷೆಯ ಮಾತು. ಇಂಗ್ಲಿಷಿನಲ್ಲಿ ಅರೇ ಎನ್ನುವುದನ್ನು ಇಲ್ಲಿ ಸರಣಿ ಎಂದೂ, ಕಲೆಕ್ಷನ್ ಎನ್ನುವುದನ್ನು ಸಂಗ್ರಹವೆಂದೂ, ಟೈಪ್ ಎನ್ನುವುದನ್ನು ಬಗೆಯೆಂದೂ ಕರೆಯಲಾಗಿದೆ. ತರ್ಕಶಾಸ್ತ್ರದ ರೂಢಿಯಂತೆ ‘ಜಾತಿ’ ಎಂದೂ ಹೇಳಬಹುದಾಗಿತ್ತು. ಆದರೆ ಆ ಪದಕ್ಕೆ ಲೋಕದಲ್ಲಿ ಅಂಟಿಕೊಂಡಿರುವ ಅನ್ಯಾರ್ಥವನ್ನು ನೆನೆದರೆ ‘ಬಗೆ’ ಎಂಬ ಅಚ್ಚಗನ್ನಡದ ಮಾತೇ ನಿರ್ದುಷ್ಟವಾದುದು. ಅಕ್ಷರಮಾಲೆಗೆ ಜಾವಾದಲ್ಲಿ ಸ್ಟ್ರಿಂಗ್ ಎಂದೂ, ಎಲ್ಲ ವಸ್ತುಗಳಿಗೂ ಮೂಲವಾದ ಸಾಮಾನ್ಯ ಬಗೆಗೆ ಆಬ್ಜೆಕ್ಟ್ ಎಂದೂ ಹೆಸರು.

ಸರಣಿಯೆಂಬುದು ಸಾಲಾಗಿ ಕಟ್ಟಿದ ಮನೆಗಳಂತೆ. ಎಷ್ಟು ಮನೆಗಳೆಂಬುದು ಕಟ್ಟುವಾಗಲೇ ನಿಶ್ಚಯವಾಗುತ್ತದೆ. ಆಮೇಲೆ ಕೂಡಿಸಲೂ ಬರುವುದಿಲ್ಲ, ಕಳೆಯಲೂ ಬರುವುದಿಲ್ಲ. ಸಂಗ್ರಹಕ್ಕೆ ಈ ನಿರ್ಬಂಧವಿಲ್ಲ. 1998ರಲ್ಲಿ ಜೋಶುವ ಬ್ಲಾಕ್ ಅವರ ವಿನ್ಯಾಸದಂತೆ ಜಾವಾಕ್ಕೆ ಸೇರಿದ ಸಂಗ್ರಹಗಳ ಪರಿವಾರದಲ್ಲಿ ಲಿಸ್ಟ್, ಸೆಟ್ ಮೊದಲಾದವು ಇದ್ದು, ಬೇಕಾದಾಗ ಬೆಳೆಯುತ್ತವೆ, ಬೇಡವಾದಾಗ ಕುಗ್ಗುತ್ತವೆ. ಹಾಗಾದರೆ ಸಂಗ್ರಹವನ್ನು ಬಿಟ್ಟು ಸರಣಿಗೆ ಹೋಗುವುದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಸಂಗ್ರಹಗಳು ಬರುವುದಕ್ಕೆ ಮೊದಲು ಬರೆದ ಎಷ್ಟೋ ಕ್ರಮವಿಧಿಗಳು ಸರಣಿಯನ್ನೇ ಬೇಡುತ್ತವೆ. ಸಂಖ್ಯೆಗಳ ಲೆಕ್ಕದಲ್ಲಿ ಸರಣಿಯಷ್ಟು ಮಿತವ್ಯಯದ ಸಾಧನ ಬೇರೊಂದಿಲ್ಲ. ಇವೆರಡೂ ಇಲ್ಲದ ಕಡೆ ಸಂಗ್ರಹವನ್ನು ಸಂಗ್ರಹವಾಗಿಯೇ ಬಿಡುವುದು ಲೇಸು. ಅಗತ್ಯವಿಲ್ಲದ ಪರಿವರ್ತನೆಯನ್ನು ಎಷ್ಟು ವೇಗವಾಗಿ ಮಾಡಿದರೂ ಅದು ವ್ಯರ್ಥವೇ.

ಇವೆರಡರ ನಡುವೆ ಗಾತ್ರಕ್ಕಿಂತ ಆಳವಾದ ಭೇದವೊಂದಿದೆ. ಸರಣಿಯು ತನ್ನ ಬಗೆಯನ್ನು ತನ್ನೊಳಗೇ ಹೊತ್ತಿರುತ್ತದೆ. ಸ್ಟ್ರಿಂಗುಗಳ ಸರಣಿಗೆ, ಕ್ರಮವಿಧಿ ನಡೆಯುತ್ತಿರುವ ವೇಳೆಯಲ್ಲೂ, ತಾನು ಸ್ಟ್ರಿಂಗುಗಳಿಗೆ ಮೀಸಲೆಂಬ ಅರಿವಿರುತ್ತದೆ. ಅದನ್ನು ಆಬ್ಜೆಕ್ಟುಗಳ ಸರಣಿಯೆಂದು ಮರೆಮಾಚಿ ಒಳಗೊಂದು ಸಂಖ್ಯೆಯನ್ನು ನುಸುಳಿಸಲು ಹೊರಟರೆ, ಅದು ಆ ಕ್ಷಣದಲ್ಲೇ ಅರೇಸ್ಟೋರ್‌ಎಕ್ಸೆಪ್ಶನ್ ಎಂಬ ದೋಷವನ್ನು ಸಾರಿ ತಡೆಯುತ್ತದೆ. ಸಂಗ್ರಹದ ಸ್ಥಿತಿ ಹಾಗಲ್ಲ. 2004ರಲ್ಲಿ ಬಂದ ಜಾವಾ 5ನೆಯ ಆವೃತ್ತಿಯಲ್ಲಿ ಜೆನೆರಿಕ್ಸ್ ಎಂಬ ಸೌಕರ್ಯ ಏರ್ಪಟ್ಟ ಮೇಲೆ ಲಿಸ್ಟ್<ಸ್ಟ್ರಿಂಗ್> ಎಂದು, ಅಂದರೆ ಇದು ಸ್ಟ್ರಿಂಗುಗಳ ಪಟ್ಟಿಯೆಂದು, ಸ್ಪಷ್ಟವಾಗಿ ಬರೆಯಬಹುದಾಯಿತು. ಆದರೆ ಆ ಬರೆಹವನ್ನು ಓದಿ ಪರೀಕ್ಷಿಸುವುದು ಕಂಪೈಲರ್ ಮಾತ್ರ. ಪರೀಕ್ಷೆ ಮುಗಿದೊಡನೆ ಕಂಪೈಲರ್ ಆ ಗುರುತನ್ನು ಅಳಿಸಿಹಾಕುತ್ತದೆ. ನಡೆಯುವ ವೇಳೆಗೆ ಉಳಿಯುವುದು ಬರಿಯ ಲಿಸ್ಟ್.

ವ್ಯಾಕರಣ ಬಲ್ಲವರಿಗೆ ಇದು ಅಪರಿಚಿತವಾದ ವ್ಯಾಪಾರವಲ್ಲ. ‘ಮರದ ಕಾಲು’ ಎಂಬುದು ಸಮಾಸವಾಗಿ ‘ಮರಗಾಲು’ ಎಂದಾದಾಗ ನಡುವಣ ವಿಭಕ್ತಿಪ್ರತ್ಯಯ ಲೋಪವಾಗುತ್ತದೆ. ಪ್ರತ್ಯಯ ಹೋದರೂ ಅರ್ಥ ಹೋಗಿರುವುದಿಲ್ಲ. ಕೇಳುವವನು ವಿಗ್ರಹವಾಕ್ಯವನ್ನು ಮನಸ್ಸಿನಲ್ಲೇ ಮಾಡಿಕೊಂಡು ಸಂಬಂಧವನ್ನು ಗ್ರಹಿಸುತ್ತಾನೆ. ಜಾವಾದಲ್ಲಿ ಬಗೆಯ ಗುರುತು ಲೋಪವಾಗುವುದೂ ಹೀಗೆಯೇ. ಒಂದೇ ಒಂದು ವ್ಯತ್ಯಾಸ: ವಿಗ್ರಹವಾಕ್ಯ ಮಾಡಬಲ್ಲ ಕಂಪೈಲರ್ ನಡೆಯುವ ವೇಳೆಗೆ ಅಲ್ಲಿರುವುದಿಲ್ಲ, ಉಳಿದಿರುವ ಯಂತ್ರಕ್ಕೆ ಆ ಸಾಮರ್ಥ್ಯವಿಲ್ಲ. 2004ಕ್ಕೆ ಮೊದಲು ಬರೆದ ಕ್ರಮವಿಧಿಗಳೂ ಅನಂತರ ಬರೆದವುಗಳೂ ಒಂದರೊಡನೊಂದು ಹೊಂದಿಕೊಂಡು ನಡೆಯಬೇಕೆಂಬ ಉದ್ದೇಶದಿಂದಲೇ ಭಾಷೆಯನ್ನು ರೂಪಿಸಿದವರು ಈ ಲೋಪವನ್ನು ಒಪ್ಪಿಕೊಂಡರು. ಹಳಬರನ್ನು ಹೊರದೂಡದ ಈ ನೀತಿ ಪ್ರಶಂಸನೀಯವೇ. ಅದರ ಬೆಲೆಯನ್ನು ತೆರಬೇಕಾದ ಸ್ಥಳಗಳಲ್ಲಿ ಪ್ರಸ್ತುತ ಪ್ರಕರಣವೂ ಒಂದು.

ವಿದ್ಯಾರ್ಥಿಗಳ ಹೆಸರುಗಳ ಪಟ್ಟಿಯೊಂದನ್ನು ಸ್ಟ್ರಿಂಗ್ ಸರಣಿಯಾಗಿ ಮಾಡಬೇಕಾಗಿದೆ ಎಂದುಕೊಳ್ಳೋಣ. ಪ್ರತಿ ಸಂಗ್ರಹದಲ್ಲೂ ಟುಅರೇ ಎಂಬ ಸಾಧನವಿದೆಯೆಂದು ಓದಿದ ವಿದ್ಯಾರ್ಥಿ ಹೀಗೆ ಬರೆಯುತ್ತಾನೆ:

ಸ್ಟ್ರಿಂಗ್[] ಸಾಲು = (ಸ್ಟ್ರಿಂಗ್[]) ಹೆಸರುಗಳು.ಟುಅರೇ();

(ಇಲ್ಲಿ ಉಚ್ಚಾರವನ್ನನುಸರಿಸಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಜಾವಾದ ಮೂಲಪದಗಳನ್ನೂ ಅದರ ಭಂಡಾರದ ಹೆಸರುಗಳನ್ನೂ ರೋಮನ್ ಲಿಪಿಯಲ್ಲೇ ಬರೆಯಬೇಕು. ಆದರೆ ‘ಹೆಸರುಗಳು’, ‘ಸಾಲು’ ಎಂಬಂಥ, ಬರೆಯುವವರು ತಾವೇ ಇಡುವ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಇಡಲು ಜಾವಾ ಸಮ್ಮತಿಸುತ್ತದೆ. ಈ ಸ್ವಾತಂತ್ರ್ಯವನ್ನು ಬಳಸಿಕೊಂಡವರು ವಿರಳರೆಂಬುದು ಬೇರೆ ಮಾತು.)

ಕಂಪೈಲರ್ ಇದನ್ನು ತಡೆಯುವುದಿಲ್ಲ. ಕ್ರಮವಿಧಿ ನಡೆಯತೊಡಗಿದಾಗ ಇದೇ ಸಾಲಿನಲ್ಲಿ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಎಂಬ ದೋಷದಿಂದ ಕುಸಿಯುತ್ತದೆ. ಕಾರಣ ಸ್ಪಷ್ಟ. ಏನನ್ನೂ ಕೊಡದೆ ಟುಅರೇ ಎಂದು ಕರೆದಾಗ, ತನ್ನೊಳಗಿನದು ಯಾವ ಬಗೆಯದೆಂದು ತಿಳಿಯದ ಸಂಗ್ರಹವು ಆಬ್ಜೆಕ್ಟುಗಳ ಸರಣಿಯನ್ನು ಕಟ್ಟಿಕೊಡುತ್ತದೆ. ಅದರ ಪ್ರತಿ ಮನೆಯಲ್ಲೂ ಸ್ಟ್ರಿಂಗೇ ಇದ್ದರೂ, ಸರಣಿಯೇ ಸ್ಟ್ರಿಂಗ್ ಸರಣಿಯಾಗಲಿಲ್ಲ. ಊರಿನ ಛತ್ರದಲ್ಲಿ ಒಂದು ದಿನ ವಿದ್ಯಾರ್ಥಿಗಳೇ ಇಳಿದುಕೊಂಡಿದ್ದರೆ ಛತ್ರವು ವಿದ್ಯಾರ್ಥಿನಿಲಯವೆನಿಸುವುದಿಲ್ಲ.

ಈ ತಪ್ಪು ಕೆಲವೊಮ್ಮೆ ಬೈಲಿಗೆ ಬಾರದೆ ಅಡಗಿದ್ದುದೂ ಉಂಟು. ಅರೇಸ್.ಆಸ್‌ಲಿಸ್ಟ್ ಎಂಬುದರಿಂದ ಮಾಡಿದ ಪಟ್ಟಿಯು ತನ್ನ ಬೆನ್ನಿಗಿರುವ ಮೂಲ ಸರಣಿಯನ್ನೇ ನಕಲು ಮಾಡಿ ಕೊಡುತ್ತಿದ್ದುದರಿಂದ, ಬಂದದ್ದು ಆಕಸ್ಮಿಕವಾಗಿ ಸ್ಟ್ರಿಂಗ್ ಸರಣಿಯೇ ಆಗಿರುತ್ತಿತ್ತು. ಮೇಲಿನ ಅಶುದ್ಧ ಪ್ರಯೋಗ ಅಲ್ಲಿ ನಿರ್ವಿಘ್ನವಾಗಿ ನಡೆಯುತ್ತಿತ್ತು. ಇದು ಟುಅರೇ ಕೊಟ್ಟ ವಾಗ್ದಾನಕ್ಕೆ ವಿರುದ್ಧವಾದ ನಡೆಯೆಂದು ಗುರುತಿಸಿ, 2017ರಲ್ಲಿ ಬಂದ 9ನೆಯ ಆವೃತ್ತಿಯಲ್ಲಿ ಸರಿಪಡಿಸಿದರು. ಅದೃಷ್ಟವನ್ನು ನಂಬಿದ್ದ ಕ್ರಮವಿಧಿಗಳು ಆಗ ಒಮ್ಮೆಲೇ ಮುರಿದವು. ಅಶುದ್ಧವು ಫಲ ಕೊಟ್ಟ ಮಾತ್ರಕ್ಕೆ ಶುದ್ಧವೆನಿಸದೆಂಬುದನ್ನು ವ್ಯಾಕರಣದ ಪಾಠದಲ್ಲಿ ಹೇಳಿದಷ್ಟೇ ದೃಢವಾಗಿ ಇಲ್ಲಿಯೂ ಹೇಳಬೇಕಾಗುತ್ತದೆ.

ಹಾಗಾದರೆ ಶುದ್ಧಮಾರ್ಗ ಯಾವುದು? ಸಂಗ್ರಹಕ್ಕೆ ಬಗೆಯ ನೆನಪಿಲ್ಲ, ಸರಣಿಗೆ ಇದೆ. ಆದುದರಿಂದ ಬೇಕಾದ ಬಗೆಯ ಸರಣಿಯೊಂದನ್ನು ಮಾದರಿಯಾಗಿ ಸಂಗ್ರಹದ ಕೈಗೆ ಕೊಡಬೇಕು:

ಸ್ಟ್ರಿಂಗ್[] ಸಾಲು = ಹೆಸರುಗಳು.ಟುಅರೇ(ನ್ಯೂ ಸ್ಟ್ರಿಂಗ್[0]);

ಸೊನ್ನೆ ಮನೆಗಳ ಈ ಸರಣಿಯಲ್ಲಿ ಏನನ್ನೂ ಇಡಲಾಗದು. ಆದರೂ ಅದಕ್ಕೆ ತನ್ನ ಬಗೆಯ ಅರಿವಿದೆ, ಬೇಕಾದದ್ದು ಅಷ್ಟೇ. ಸಂಗ್ರಹವು ಅದನ್ನು ನೋಡಿ, ಅದೇ ಬಗೆಯ, ತನಗೆ ತಕ್ಕ ಗಾತ್ರದ ಹೊಸ ಸರಣಿಯನ್ನು ಕಟ್ಟಿ, ತುಂಬಿ ಕೊಡುತ್ತದೆ. ಕೊಟ್ಟ ಸರಣಿಯಲ್ಲಿ ಸಾಕಷ್ಟು ಸ್ಥಳವಿದ್ದರೆ ಹೊಸದನ್ನು ಕಟ್ಟದೆ ಅದನ್ನೇ ತುಂಬಿ ಮರಳಿಸುತ್ತದೆ. ಸ್ಥಳ ಹೆಚ್ಚಾಗಿದ್ದರೆ ಕೊನೆಯ ವಸ್ತುವಿನ ಮುಂದಿನ ಒಂದು ಮನೆಯಲ್ಲಿ ‘ನಲ್’ ಎಂಬ ಶೂನ್ಯಚಿಹ್ನೆಯನ್ನಿಡುತ್ತದೆ. ಅದಕ್ಕೂ ಮುಂದಿನ ಮನೆಗಳಲ್ಲಿ ಮೊದಲೇನಿತ್ತೋ ಅದು ಹಾಗೆಯೇ ಉಳಿಯುತ್ತದೆ. ಈ ಕೊನೆಯ ಅಂಶವನ್ನು ಅನೇಕರು ಗಮನಿಸುವುದಿಲ್ಲ. ಹಳೆಯ ಸರಣಿಯನ್ನೇ ಮತ್ತೆ ಮತ್ತೆ ಬಳಸುವವರಿಗೆ ಕಳೆದ ವರ್ಷದ ಹೆಸರುಗಳು ಈ ವರ್ಷದ ಪಟ್ಟಿಯ ಬಾಲದಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ.

ಮಾದರಿಯನ್ನು ಕೊಡುವಾಗ ಇನ್ನೊಂದು ಎಚ್ಚರ ಬೇಕು. ಸ್ಟ್ರಿಂಗುಗಳ ಪಟ್ಟಿಗೆ ಕೈತಪ್ಪಿ ಸಂಖ್ಯೆಗಳ ಮಾದರಿಯನ್ನು, ಎಂದರೆ ನ್ಯೂ ಇಂಟಿಜರ್[0] ಎಂಬುದನ್ನು, ಕೊಟ್ಟರೂ ಕಂಪೈಲರ್ ಸುಮ್ಮನಿರುತ್ತದೆ. ಪಟ್ಟಿಯ ಬಗೆಗೂ ಮಾದರಿಯ ಬಗೆಗೂ ಸಂಬಂಧವಿರಲೇಬೇಕೆಂಬ ನಿಯಮ ಈ ಸಾಧನದಲ್ಲಿಲ್ಲ. ಆಬ್ಜೆಕ್ಟುಗಳ ಪಟ್ಟಿಯಲ್ಲಿ ಸ್ಟ್ರಿಂಗುಗಳು ಮಾತ್ರವೇ ಇದ್ದಾಗ ಅದನ್ನು ಸ್ಟ್ರಿಂಗ್ ಸರಣಿಯಾಗಿಸಲು ಈ ಸಡಿಲಿಕೆ ಅನುಕೂಲ. ತಪ್ಪು ಮಾದರಿ ಕೊಟ್ಟಾಗ ಮಾತ್ರ, ತುಂಬಲು ಹೊರಟ ಕ್ಷಣದಲ್ಲಿ ಸರಣಿಯೇ ಪ್ರತಿಭಟಿಸುತ್ತದೆ.

ಇನ್ನು ವಿವಾದದ ಸ್ಥಳಕ್ಕೆ ಬರೋಣ. ಪೂರ್ವಪಕ್ಷದವರ ವಾದ ಹೀಗಿದೆ: ಸೊನ್ನೆಯ ಸರಣಿಯನ್ನು ಕೊಟ್ಟರೆ ಅದು ಕೂಡಲೇ ಕಸವಾಗುತ್ತದೆ, ಸಂಗ್ರಹವು ಮತ್ತೊಂದನ್ನು ಕಟ್ಟಬೇಕಾಗುತ್ತದೆ. ಒಂದು ಕೆಲಸಕ್ಕೆ ಎರಡು ಸರಣಿಗಳೇಕೆ? ಸಂಗ್ರಹದ ಗಾತ್ರವನ್ನು ಮೊದಲೇ ಕೇಳಿ ತಿಳಿದು, ಅಷ್ಟೇ ಮನೆಗಳ ಸರಣಿಯನ್ನು ನಾವೇ ಕಟ್ಟಿ ಕೊಡುವುದು ಮಿತವ್ಯಯ.

ಹೆಸರುಗಳು.ಟುಅರೇ(ನ್ಯೂ ಸ್ಟ್ರಿಂಗ್[ಹೆಸರುಗಳು.ಸೈಜ್()]);

ಈ ವಾದ ಹುಟ್ಟಿದ ಕಾಲದಲ್ಲಿ ಅದು ನಿಜವೇ ಆಗಿತ್ತು. ಕೊಟ್ಟ ಸರಣಿಯ ಬಗೆಯನ್ನು ನೋಡಿ ಅದೇ ಬಗೆಯ ಇನ್ನೊಂದನ್ನು ಕಟ್ಟುವ ಒಳಕ್ರಿಯೆ, ಜಾವಾದ ಆರಂಭದ ದಿನಗಳಲ್ಲಿ ಬಹಳ ನಿಧಾನವಾಗಿತ್ತು. ಓಪನ್‌ಜೆಡಿಕೆ 6ರ ತರುವಾಯದ ಪರಿಷ್ಕರಣಗಳಲ್ಲಿ ಆ ಒಳಕ್ರಿಯೆಯನ್ನು ಯಂತ್ರವು ನೇರವಾಗಿ ತಾನೇ ನಿರ್ವಹಿಸುವಂತೆ ಮಾಡಲಾಯಿತು. ವಾದದ ಬುಡವೇ ಅಲ್ಲಿಗೆ ಕಳಚಿತು. ಆದರೆ ಸೂತ್ರ ಮಾತ್ರ ಪಾಠಗಳಲ್ಲಿ ಉಳಿಯಿತು. 2016ರಲ್ಲಿ ಅಲೆಕ್ಸಿ ಶಿಪಿಲ್ಯೋವ್ ಎಂಬ ತಜ್ಞರು ಎರಡು ಪಕ್ಷಗಳನ್ನೂ ತೂಗಿ, ಅಳೆದು, ಯಂತ್ರದ ಒಳಗೆ ನಡೆಯುವುದನ್ನು ಬಿಡಿಸಿ ತೋರಿಸಿದರು. ಆ ಅಧ್ಯಯನದಲ್ಲಿ ಸೊನ್ನೆಯ ಸರಣಿಯೇ ಮೇಲಾಯಿತು.

ಹೀಗೇಕೆ ಆಗುತ್ತದೆಂಬುದು ಸ್ವಾರಸ್ಯಕರವಾಗಿದೆ. ಹೊಸದಾಗಿ ಕಟ್ಟಿದ ಯಾವ ಸರಣಿಯಲ್ಲೂ ಹಳೆಯ ಕಸ ಕಾಣಿಸಕೂಡದೆಂಬುದು ಜಾವಾದ ನಿಯಮ. ಆದ್ದರಿಂದ ನಾವು ನೂರು ಮನೆಗಳ ಸರಣಿಯನ್ನು ಕಟ್ಟಿದೊಡನೆ ಯಂತ್ರವು ನೂರು ಮನೆಗಳನ್ನೂ ಒರೆಸಿ ಶೂನ್ಯಗೊಳಿಸುತ್ತದೆ. ಅನಂತರ ಆ ಸರಣಿ ಸಂಗ್ರಹದ ಕೈಸೇರಿ, ನೂರು ಮನೆಗಳೂ ತುಂಬುತ್ತವೆ. ಒರೆಸಿದ ಶ್ರಮವೆಲ್ಲ ನಷ್ಟ. ಅದೇ ಸೊನ್ನೆಯ ಸರಣಿಯನ್ನು ಕೊಟ್ಟಾಗ, ಕಟ್ಟುವುದೂ ತುಂಬುವುದೂ ಸಂಗ್ರಹದ ಒಳಗೆ ಒಂದರ ಬೆನ್ನಿಗೊಂದು ನಡೆಯುತ್ತವೆ. ಪ್ರತಿ ಮನೆಯೂ ಈಗಲೇ ತುಂಬಲಿದೆಯೆಂದು ಯಂತ್ರಕ್ಕೆ ನಿಶ್ಚಯವಾಗಿ ತಿಳಿಯುವುದರಿಂದ ಅದು ಒರೆಸುವ ಕೆಲಸವನ್ನು ಬಿಟ್ಟುಬಿಡುತ್ತದೆ. ಬಿಸಾಡುವ ಪುಟ್ಟ ಸರಣಿಯ ವೆಚ್ಚ ಇದರ ಮುಂದೆ ಲೆಕ್ಕಕ್ಕಿಲ್ಲ. ಈ ಲಾಭ ಎದ್ದು ಕಾಣುವುದು ಅರೇಲಿಸ್ಟ್ ಎಂಬ ಸಂಗ್ರಹದಲ್ಲಿ. ಅದರ ಒಡಲು ಸ್ವತಃ ಸರಣಿಯಾಗಿರುವುದರಿಂದ ಇಡೀ ಒಡಲನ್ನು ಒಂದೇ ಬಾರಿಗೆ ನಕಲಿಸಬಹುದು. ಒಂದೊಂದನ್ನೇ ಹೆಕ್ಕಿ ತುಂಬಬೇಕಾದ ಹ್ಯಾಷ್‌ಸೆಟ್ ಮೊದಲಾದವುಗಳಲ್ಲಿ ಅಂತರ ಅಷ್ಟಾಗಿ ತೋರದು.

ವೇಗದ ಮಾತನ್ನು ಬದಿಗಿಟ್ಟರೂ ಸಿದ್ಧಾಂತಪಕ್ಷವನ್ನು ಹಿಡಿಯಲು ಬೇರೊಂದು ಬಲವಾದ ಕಾರಣವಿದೆ. ವಾಸ್ತವವಾಗಿ ಅದಕ್ಕೇ ಪ್ರಥಮಸ್ಥಾನ ಸಲ್ಲಬೇಕು. ದೊಡ್ಡ ಕ್ರಮವಿಧಿಗಳಲ್ಲಿ ಹಲವು ಎಳೆಗಳು ಏಕಕಾಲದಲ್ಲಿ ಒಂದೇ ಸಂಗ್ರಹದ ಮೇಲೆ ಕೆಲಸ ಮಾಡುತ್ತಿರುತ್ತವೆ. ಒಂದು ಎಳೆ ಗಾತ್ರವನ್ನು ಕೇಳಿತು. ‘ಅರವತ್ತು’ ಎಂಬ ಉತ್ತರ ಬಂತು. ಅದು ಅರವತ್ತು ಮನೆಗಳ ಸರಣಿಯನ್ನು ಕಟ್ಟುವಷ್ಟರಲ್ಲಿ ಇನ್ನೊಂದು ಎಳೆ ಇಬ್ಬರ ಹೆಸರನ್ನು ತೆಗೆದುಹಾಕಿತು. ತುಂಬಿ ಬಂದ ಸರಣಿಯ ಕೊನೆಯ ಎರಡು ಮನೆಗಳಲ್ಲಿ ಹೆಸರಿಲ್ಲ, ನಲ್ ಇದೆ. ಆಗ ಯಾವ ದೋಷವೂ ಸಾರಲ್ಪಡುವುದಿಲ್ಲ. ಎಲ್ಲ ಸರಿಯಾಗಿಯೇ ನಡೆಯಿತೆಂದು ಕಾಣುತ್ತದೆ. ಮುಂದೆ ಎಲ್ಲೋ, ಆ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಇನ್ನೊಬ್ಬರ ಕ್ರಮವಿಧಿ ಈ ನಲ್‌ಗೆ ಎಡವಿ ಬೀಳುತ್ತದೆ. ತಪ್ಪು ಹುಟ್ಟಿದ್ದು ಒಂದು ಕಡೆ, ಅಪವಾದ ಹೊತ್ತವರು ಇನ್ನೊಂದು ಕಡೆ. ಸಂಗ್ರಹಕ್ಕೆ ಬೀಗ ಹಾಕಿದೆಯಲ್ಲ ಎಂಬ ಸಮಾಧಾನವೂ ಇಲ್ಲಿ ಸಲ್ಲದು. ಬೀಗವಿರುವ ಸಂಗ್ರಹದಲ್ಲಿ ಗಾತ್ರ ಕೇಳುವಾಗ ಒಮ್ಮೆ, ಸರಣಿ ಮಾಡುವಾಗ ಇನ್ನೊಮ್ಮೆ ಬೀಗ ಬೀಳುತ್ತದೆಯೇ ಹೊರತು ಎರಡರ ನಡುವಣ ಸಂದು ತೆರೆದೇ ಇರುತ್ತದೆ. ಸೊನ್ನೆಯ ಸರಣಿಯನ್ನು ಕೊಟ್ಟರೆ ಗಾತ್ರ ಕೇಳುವ ಪ್ರಸಂಗವೇ ಬರುವುದಿಲ್ಲ.

2018ರಲ್ಲಿ ಬಂದ 11ನೆಯ ಆವೃತ್ತಿ ಮಾದರಿಯ ಬದಲು, ಸರಣಿ ಕಟ್ಟುವ ವಿಧಿಯನ್ನೇ ಕೊಡುವ ಹೊಸ ರೂಪವನ್ನು ತಂದಿತು:

ಹೆಸರುಗಳು.ಟುಅರೇ(ಸ್ಟ್ರಿಂಗ್[]::ನ್ಯೂ);

ಇದನ್ನು ರಚಿಸಿದವರು ಒಳಗೆ ಏನು ಮಾಡಿದ್ದಾರೆಂದು ತೆರೆದು ನೋಡಿದರೆ, ಆ ವಿಧಿಗೆ ಸೊನ್ನೆಯನ್ನು ಕೊಟ್ಟು, ಬಂದ ಬರಿದಾದ ಸರಣಿಯನ್ನು ಹಳೆಯ ಟುಅರೇಗೆ ಒಪ್ಪಿಸಿದ್ದಾರೆ. ವಿವಾದ ಇತ್ಯರ್ಥವಾಯಿತೆನ್ನಲು ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ. 2014ರ 8ನೆಯ ಆವೃತ್ತಿಯಲ್ಲಿ ಬಂದ ಸ್ಟ್ರೀಮ್ ಎಂಬ ಪ್ರವಾಹದ ಮೂಲಕವೂ ಸರಣಿಯನ್ನು ಪಡೆಯಬಹುದು. ಹಾದಿಯಲ್ಲಿ ಸೋಸುವುದೋ ಮಾರ್ಪಡಿಸುವುದೋ ಇದ್ದರೆ ಅದು ಸೊಗಸಾದ ದಾರಿ. ಬರಿಯ ನಕಲಿಗಾಗಿ ಅದನ್ನು ಹಿಡಿಯುವುದು ಸುತ್ತುಬಳಸಿನ ಪ್ರಯಾಣ.

ಸಂಖ್ಯೆಗಳ ವಿಷಯ ಬೇರೆಯೇ. ಇಂಟ್ ಎಂಬ ಮೂಲಸಂಖ್ಯೆಯನ್ನು ಜಾವಾದ ಸಂಗ್ರಹಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದನ್ನು ಇಂಟಿಜರ್ ಎಂಬ ಕರಡಿಗೆಯಲ್ಲಿಟ್ಟು ಒಳಗೊಯ್ಯಬೇಕು. ದೇಣಿಗೆಯ ಮೊತ್ತಗಳು ಒಂದು ಲಕ್ಷವಿವೆಯೆಂದು ಭಾವಿಸೋಣ. ಇಂಟ್ ಸರಣಿಯಲ್ಲಿ ಒಂದಕ್ಕೆ 4 ಬೈಟುಗಳಂತೆ ಒಟ್ಟು 4 ಲಕ್ಷ ಬೈಟುಗಳು ಸಾಕು. ಸಾಮಾನ್ಯವಾಗಿ ಬಳಕೆಯಲ್ಲಿರುವ 64 ಬಿಟ್‌ಗಳ ಜಾವಾ ಯಂತ್ರದಲ್ಲಿ ಒಂದು ಇಂಟಿಜರ್ ಕರಡಿಗೆಗೆ 16 ಬೈಟು, ಅದು ಎಲ್ಲಿದೆಯೆಂಬ ನಿರ್ದೇಶಕ್ಕೆ 4 ಬೈಟು ತಗಲುವುದರಿಂದ ಲೆಕ್ಕ 20 ಲಕ್ಷಕ್ಕೇರುತ್ತದೆ. (−128ರಿಂದ 127ರವರೆಗಿನ ಸಂಖ್ಯೆಗಳಿಗೆ ಯಂತ್ರವು ಸಿದ್ಧ ಕರಡಿಗೆಗಳನ್ನಿಟ್ಟುಕೊಂಡು ಅವನ್ನೇ ಮತ್ತೆ ಮತ್ತೆ ಕೊಡುವುದರಿಂದ, ನೂರರೊಳಗಿನ ಪರೀಕ್ಷಾಂಕಗಳಿಗೆ ಈ ಹೊರೆ ಬೀಳದು. ದೇಣಿಗೆಗಳು ಆ ಮಿತಿಯನ್ನು ದಾಟುತ್ತವೆಂದು ಆಶಿಸಬಹುದು.) ಆದ್ದರಿಂದ ಭಾರಿ ಲೆಕ್ಕಗಳಿಗೆ ಮೊದಲು ಕರಡಿಗೆಗಳನ್ನು ತೆರೆದು ಇಂಟ್ ಸರಣಿ ಮಾಡಿಕೊಳ್ಳುವುದರಲ್ಲಿ ನಿಜವಾದ ಲಾಭವಿದೆ.

ಆದರೆ ಟುಅರೇ ಇಲ್ಲಿ ಒದಗದು. ನ್ಯೂ ಇಂಟ್[0] ಎಂಬ ಮಾದರಿ ಕೊಟ್ಟರೆ ಕಂಪೈಲರೇ ನಿರಾಕರಿಸುತ್ತದೆ. ದೇಣಿಗೆಗಳು.ಸ್ಟ್ರೀಮ್().ಮ್ಯಾಪ್‌ಟುಇಂಟ್(ಇಂಟಿಜರ್::ಇಂಟ್‌ವ್ಯಾಲ್ಯೂ).ಟುಅರೇ() ಎಂದು ಪ್ರವಾಹದ ಮೂಲಕ ಪಡೆಯಬಹುದು. ಇಲ್ಲವೇ ಇಂಟ್ ಸರಣಿಯೊಂದನ್ನು ಕಟ್ಟಿ ಆವರ್ತನದಿಂದ ಒಂದೊಂದಾಗಿ ತುಂಬಬಹುದು. ಅರೇಲಿಸ್ಟಿನಿಂದ ನೇರವಾಗಿ ಹರಿಯುವ ಪ್ರವಾಹಕ್ಕೆ ಒಟ್ಟು ಎಷ್ಟೆಂಬುದು ಮೊದಲೇ ತಿಳಿದಿರುವುದರಿಂದ ಅದು ಒಂದೇ ಸಲಕ್ಕೆ ತಕ್ಕ ಸರಣಿಯನ್ನು ಕಟ್ಟುತ್ತದೆ. ನಡುವೆ ಸೋಸುವ ಹಂತವಿದ್ದರೆ ಆ ಅರಿವು ತಪ್ಪಿ, ತುಂಡು ತುಂಡಾಗಿ ಕೂಡಿಸಿಟ್ಟು ಕೊನೆಗೆ ಜೋಡಿಸಬೇಕಾಗುತ್ತದೆ. ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಎರಡು ಮಾರ್ಗಗಳಲ್ಲೂ ಕರಡಿಗೆ ತೆರೆಯುವಾಗ ನಲ್‌ಪಾಯಿಂಟರ್‌ಎಕ್ಸೆಪ್ಶನ್ ತಪ್ಪದು. ಆವರ್ತನದ ಮಾರ್ಗ ಹಿಡಿದವರಿಗೆ ಮೇಲೆ ಹೇಳಿದ ಗಾತ್ರದ ಅಪಾಯ ಇನ್ನೂ ಘೋರ ರೂಪದಲ್ಲಿ ಎದುರಾಗುತ್ತದೆ: ಸಂಗ್ರಹ ನಡುವೆ ಕುಗ್ಗಿದರೆ ಬರಿದಾದ ಮನೆಯಲ್ಲಿ ಉಳಿಯುವುದು ನಲ್ ಅಲ್ಲ, 0 ಎಂಬ ಸಂಖ್ಯೆ. ಯಾರೋ ಸೊನ್ನೆ ರೂಪಾಯಿ ಕೊಟ್ಟರೆಂದು ಲೆಕ್ಕ ಹೇಳುತ್ತದೆ, ಸರಾಸರಿ ತಪ್ಪುತ್ತದೆ, ಎಲ್ಲಿಯೂ ದೋಷದ ಸದ್ದಿಲ್ಲ.

ಆವರ್ತನದಲ್ಲಿ ಮತ್ತೊಂದು ಹಳ್ಳವಿದೆ. ಪಟ್ಟಿ ಲಿಂಕ್ಡ್‌ಲಿಸ್ಟ್ ಆಗಿದ್ದಾಗ, ‘ಇಷ್ಟನೆಯದನ್ನು ಕೊಡು’ ಎಂದು ಕ್ರಮಸಂಖ್ಯೆ ಹಿಡಿದು ಕೇಳುವುದು ಮಹಾಪ್ರಮಾದ. ಕೊಂಡಿ ಕೊಂಡಿಯಾಗಿರುವ ಆ ಸರಪಳಿಯಲ್ಲಿ ಅದು ಪ್ರತಿ ಸಲವೂ ಹತ್ತಿರದ ತುದಿಯಿಂದ ಎಣಿಸಿಕೊಂಡೇ ಬರಬೇಕು. ಒಂದು ಲಕ್ಷ ಮೊತ್ತಗಳಿದ್ದರೆ ಸರಾಸರಿ 25,000 ಹೆಜ್ಜೆಗಳಂತೆ ಒಟ್ಟು 250 ಕೋಟಿ ಹೆಜ್ಜೆಗಳು! ಮೊದಲಿನಿಂದ ಕೊನೆಯವರೆಗೆ ಕೊಂಡಿ ಬಿಡದೆ ನಡೆದರೆ ಒಂದು ಲಕ್ಷ ಹೆಜ್ಜೆಗಳಲ್ಲಿ ಮುಗಿಯುವ ಕೆಲಸವದು. ಸಾವಿರಾರು ಬೈಟುಗಳ ಉಳಿತಾಯಕ್ಕಾಗಿ ತಲೆಕೆಡಿಸಿಕೊಳ್ಳುವವರು ಮೊದಲು ಈ ಹಳ್ಳವನ್ನು ನೋಡಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಸರಣಿಗೆ ಬರುವುದು ವಸ್ತುವಲ್ಲ, ವಸ್ತುವಿನ ನೆಲೆಯನ್ನು ಹೇಳುವ ನಿರ್ದೇಶ ಮಾತ್ರ. ಟುಅರೇ ಹೊಸದಾಗಿ ಕಟ್ಟಿಕೊಟ್ಟ ಸರಣಿಯ ಒಂದು ಮನೆಯಲ್ಲಿರುವುದನ್ನು ತೆಗೆದು ಬೇರೊಂದನ್ನಿಟ್ಟರೆ ಸಂಗ್ರಹಕ್ಕೆ ಏನೂ ಆಗದು. ಆದರೆ ಆ ಮನೆಯಲ್ಲಿರುವ ವಿದ್ಯಾರ್ಥಿಯ ದಾಖಲೆಯನ್ನೇ ತೆರೆದು ಅದರೊಳಗಿನ ಅಂಕವನ್ನು ತಿದ್ದಿದರೆ, ಸಂಗ್ರಹದ ಕಡೆಯಿಂದ ನೋಡುವವರಿಗೂ ತಿದ್ದಿದ ಅಂಕವೇ ಕಾಣುತ್ತದೆ. ಮೂಲವನ್ನು ಹಾಗೆಯೇ ಉಳಿಸಿಕೊಳ್ಳಬೇಕಾದವರು ಸರಣಿ ಮಾಡಿದ ಮೇಲೆ ಒಂದೊಂದು ದಾಖಲೆಯನ್ನೂ ಪ್ರತ್ಯೇಕವಾಗಿ ನಕಲು ಮಾಡಿಕೊಳ್ಳಬೇಕು. ಆ ಕೆಲಸವನ್ನು ಟುಅರೇ ಮಾಡಿಕೊಡುವುದಿಲ್ಲ.